ಟೈಮಿಂಗ್ ಬೆಲ್ಟ್ ಹಾಕಿಸಿದ ಮೇಲೆ ಎಂಜಿನ್ ಹಾಳಾದರೆ ತಪ್ಪು ಯಾರದು?

"ಬೆಲ್ಟ್ ಹಾಕಿಸಿದ ವಾರಕ್ಕೇ ಎಂಜಿನ್ ಹೋಯ್ತು, ಗ್ಯಾರೇಜಿನವರೇ ದುಡ್ಡು ಕೊಡಬೇಕು" ಎನ್ನುತ್ತಾರೆ ಗಾಡಿ ಮಾಲೀಕರು. "ನಾವು ಹಾಕಿದ್ದು ಬೆಲ್ಟ್, ಹೋಗಿದ್ದು ವಾಲ್ವ್. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಎನ್ನುತ್ತಾರೆ ಮೆಕ್ಯಾನಿಕ್. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಯಾವ ಊರಿನ ಗ್ಯಾರೇಜ್ ಆದರೂ ವಾದ ಹೀಗೇ ಶುರುವಾಗುತ್ತದೆ. ಎರಡೂ ಮಾತು ಪೂರ್ತಿ ನಿಜವಲ್ಲ.

ಬೆಲ್ಟ್‌ಗೂ ವಾಲ್ವ್‌ಗೂ ಏನು ಸಂಬಂಧ?

ಕ್ರ್ಯಾಂಕ್ ಶಾಫ್ಟ್ 2 ಸುತ್ತು ತಿರುಗಿದಾಗ ಕ್ಯಾಮ್ ಶಾಫ್ಟ್ 1 ಸುತ್ತು ತಿರುಗಬೇಕು. ಈ ಲೆಕ್ಕ ತಪ್ಪದಂತೆ ಹಿಡಿದಿಡುವುದು ಹಲ್ಲುಗಳಿರುವ ಟೈಮಿಂಗ್ ಬೆಲ್ಟ್. ಅದು ತುಂಡಾದರೆ ಅಥವಾ ಹಲ್ಲು ಜಾರಿದರೆ, ಅನೇಕ ಎಂಜಿನ್‌ಗಳಲ್ಲಿ ಮೇಲೆ ಬರುವ ಪಿಸ್ಟನ್ ತೆರೆದ ವಾಲ್ವ್‌ಗೆ ಬಡಿಯುತ್ತದೆ. ವಾಲ್ವ್ ಬಾಗುತ್ತದೆ, ಪಿಸ್ಟನ್ನಿಗೂ ಪೆಟ್ಟು ಬೀಳಬಹುದು. ಆಮೇಲೆ ಬರೀ ಬೆಲ್ಟ್ ಹಾಕಿದರೆ ಗಾಡಿ ಸರಿಹೋಗುವುದಿಲ್ಲ.

ಎಲ್ಲ ಕಾರುಗಳಲ್ಲೂ ಬೆಲ್ಟ್ ಇರುವುದಿಲ್ಲ. ಹಳೆಯ ಮಾರುತಿ 800, ಇಂಡಿಕಾ ಡೀಸೆಲ್, 2.5 ಲೀಟರ್ ಡೀಸೆಲ್ ಇನ್ನೋವಾ, ಡಸ್ಟರ್ ಡೀಸೆಲ್‌ಗಳಲ್ಲಿ ಬೆಲ್ಟ್ ಇದೆ. ಸ್ವಿಫ್ಟ್ ಡೀಸೆಲ್‌ನಲ್ಲಿರುವುದು ಚೈನ್.

ಹೊಸ ಬೆಲ್ಟ್ ಇದ್ದರೂ ಯಾಕೆ ಹಾಳಾಗುತ್ತದೆ?

• ಟೈಮಿಂಗ್ ಗುರುತು ಸರಿಯಾಗಿ ಕೂರಿಸದಿದ್ದರೆ ತೊಂದರೆ ಸಾಮಾನ್ಯವಾಗಿ ಸ್ಟಾರ್ಟ್ ಮಾಡಿದ ಕೂಡಲೇ ಕಾಣುತ್ತದೆ: ಸ್ಟಾರ್ಟ್ ಆಗದು, ನಡುಗುತ್ತದೆ, ಎಳೆಯುವುದಿಲ್ಲ.
• ಬೆಲ್ಟ್ ಮಾತ್ರ ಹೊಸದು ಹಾಕಿ ಹಳೆಯ ಟೆನ್ಷನರ್, ಬೇರಿಂಗ್ ಬಿಟ್ಟಿದ್ದರೆ, ಅವು ಜಾಮ್ ಆಗಿ ಹೊಸ ಬೆಲ್ಟನ್ನೇ ಹರಿಯುತ್ತವೆ. ಕೆಲವು ಎಂಜಿನ್‌ಗಳಲ್ಲಿ ವಾಟರ್ ಪಂಪ್ ತಿರುಗಿಸುವುದೂ ಇದೇ ಬೆಲ್ಟ್.
• ಆಯಿಲ್ ಸೋರಿ ಬೆಲ್ಟ್ ಮೇಲೆ ಬಿದ್ದರೆ ರಬ್ಬರ್ ಕೆಡುತ್ತದೆ.

ಮೊದಲನೆಯದು ಕೆಲಸದ ತಪ್ಪು. ಎರಡನೆಯದರಲ್ಲಿ "ಇವನ್ನೂ ಬದಲಿಸಬೇಕು" ಎಂದು ಮೆಕ್ಯಾನಿಕ್ ಹೇಳಿದ್ದರೇ, ಖರ್ಚು ಉಳಿಸಲು ಮಾಲೀಕರೇ ಬೇಡವೆಂದರೇ ಎಂಬುದು ಮುಖ್ಯ. ಹಾಗಾಗಿ ಈ ಮಾತು ಬಿಲ್ಲಿನಲ್ಲಿ ಬರೆದಿರಬೇಕು.

ಹೆಡ್ ಬಿಚ್ಚುವ ಮೊದಲು

ಗಾಡಿ ನಿಂತರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ, ಹಾನಿ ಹೆಚ್ಚುತ್ತದೆ. ಬೆಲ್ಟ್ ಕವರ್ ತೆಗೆಯುವಾಗ ಎದುರಿಗಿರಿ. ಬೆಲ್ಟ್, ಬೇರಿಂಗ್, ಟೈಮಿಂಗ್ ಗುರುತುಗಳ ಫೋಟೋ, ವಿಡಿಯೋ ತೆಗೆಯಿರಿ. ಬೆಲ್ಟ್ ಸರಿಯಿದ್ದು ಗುರುತು ತಪ್ಪಿದ್ದರೆ ಜೋಡಣೆಯ ಕಡೆ ಅನುಮಾನ. ಒಂದೇ ಕಡೆ ಹಲ್ಲು ಉದುರಿದ್ದರೆ ಏನೋ ಜಾಮ್ ಆಗಿರಬಹುದು. ಹಳೆಯ ಭಾಗಗಳನ್ನು ಗುಜರಿಗೆ ಬಿಡದೆ ಕೇಳಿ ಪಡೆಯಿರಿ. ಬೇರೆ ಮೆಕ್ಯಾನಿಕ್‌ನಿಂದ ಲಿಖಿತ ಅಭಿಪ್ರಾಯ ತೆಗೆದುಕೊಳ್ಳಿ. ಎಲ್ಲ ಬಿಚ್ಚಿ ಜೋಡಿಸಿದ ಮೇಲೆ ಕಾರಣ ಹುಡುಕುವುದು ಬಹಳ ಕಷ್ಟ.

ದೂರು ಎಲ್ಲಿ ಕೊಡಬೇಕು?

ಮಾತುಕತೆಯಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಮುಂದಿನ ಹಂತ ಜಿಲ್ಲಾ ಗ್ರಾಹಕ ಆಯೋಗ. ಈ ನಾಲ್ಕೂ ತಾಲ್ಲೂಕುಗಳಿಗೆ ಅದು ದಾವಣಗೆರೆಯಲ್ಲಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೂರಿಗೆ 2 ವರ್ಷ ಅವಕಾಶ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಹೊಟ್ಟೆಪಾಡಿಗೆ ಸ್ವಂತ ಟ್ಯಾಕ್ಸಿ ಓಡಿಸುವವರೂ ದೂರು ಕೊಡಬಹುದು. ಆದರೆ ಸೇವೆಯಲ್ಲಿ ಲೋಪವಿದೆ ಎಂದು ತೋರಿಸುವ ಹೊಣೆ ದೂರುದಾರರದೇ.

ಬಿಲ್ ಕೊಡದಿರುವುದೂ ಇದೇ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. "ಬಿಲ್ ಬೇಡ, 500 ಕಮ್ಮಿ ಮಾಡಿ" ಎನ್ನುವ ಮುನ್ನ ಯೋಚಿಸಿ. ಎಂಜಿನ್ ಹೋದ ದಿನ ನಿಮ್ಮ ಕೈಯಲ್ಲಿ ಇರಬೇಕಾದ ಮೊದಲ ಸಾಕ್ಷಿ ಆ ಚೀಟಿಯೇ.