ಮಳಖೇಡದ ಬೀಗತನಗಳು

ಪುಲಿಗೆರೆ 300, ಬೆಳ್ವೊಲ 300, ಕಿಸುಕಾಡು 70, ಬಾಗೆನಾಡು 70. ಈ ನಾಲ್ಕು ನಾಡುಗಳು ಗಂಗರ ಎರಡನೇ ಬೂತುಗನ ಕೈಸೇರಿದ್ದು ಹೇಗೆ ಎಂದು ಕೇಳಿದರೆ ಎರಡು ಕಲ್ಲುಗಳು ಎರಡು ಉತ್ತರ ಕೊಡುತ್ತವೆ. ಧಾರವಾಡ ಸೀಮೆಯ ಹೆಬ್ಬಾಳದ 975ರ ಶಾಸನದ ಪ್ರಕಾರ ಇವು ಬಳುವಳಿ. ರಾಷ್ಟ್ರಕೂಟರ ಮೂರನೇ ಅಮೋಘವರ್ಷ ಮಗಳು ರೇವಕನಿಮ್ಮಡಿಯನ್ನು ಧಾರೆಯೆರೆದಾಗ ಕೊಟ್ಟವು. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನು ಓದಿದರೆ ಇವು ಮೆಚ್ಚುಗೆಯ ಕೊಡುಗೆ. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಮನೆಯ ಅಳಿಯನಿಗೆ ಅಮೋಘವರ್ಷನ ಮಗ ಮೂರನೇ ಕೃಷ್ಣ ಬನವಾಸಿ 12000ದ ಜೊತೆ ಸೇರಿಸಿ ಕೊಟ್ಟವು.

ಆತಕೂರಿನ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನೋಡಲು ಹೋದವರ ಕಣ್ಣಿಗೆ ಮೊದಲು ಬೀಳುವುದು ಒಂದನ್ನೊಂದು ಕಚ್ಚಿ ಹಿಡಿದ ನಾಯಿ ಮತ್ತು ಕಾಡುಹಂದಿ. ಯುದ್ಧದಲ್ಲಿ ಮೆರೆದ ತನ್ನ ಬಂಟ ಮಣಲೇರನಿಗೆ ಬೇಕಾದ್ದು ಕೇಳು ಎಂದು ಬೂತುಗ ಹೇಳಿದಾಗ ಅವನು ಕೇಳಿದ್ದು ದೊರೆಯ ಬೇಟೆನಾಯಿ ‘ಕಾಳಿ’ಯನ್ನು. ಅದು ಹಂದಿಯೊಡನೆ ಸೆಣಸಿ ಸತ್ತಿತು. ಅದರ ನೆನಪಿಗೆ ಕಲ್ಲು ನಿಂತಿತು. ಸಾಮ್ರಾಜ್ಯದ ಕೊಡುಕೊಳ್ಳುವಿಕೆಯ ಲೆಕ್ಕ ಆ ನಾಯಿಯ ಕಥೆಯ ಪಕ್ಕದಲ್ಲಿ ಉಳಿದು ಬಂದಿದೆ.

ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಎಂದರೆ ಸೇಡಂ ತಾಲ್ಲೂಕಿನ ಇಂದಿನ ಮಳಖೇಡ, ಕಾಗಿಣಾ ನದಿಯ ದಂಡೆಯ ಊರು. ಇಲ್ಲಿಂದ ಆಳಿದವರ ಮದುವೆಗಳ ಅಧ್ಯಯನ ಶುರುವಾದದ್ದು ಕಾಲಗಣನೆಯ ಗರಜಿನಿಂದ. ಜೆ.ಎಫ್. ಫ್ಲೀಟ್ 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಬರೆದಾಗ, ಆರ್.ಜಿ. ಭಂಡಾರ್ಕರ್ 1884ರಲ್ಲಿ ದಖನ್ನಿನ ಇತಿಹಾಸ ಪ್ರಕಟಿಸಿದಾಗ, ಯಾರ ಮಗ ಯಾರು, ಯಾರ ನಂತರ ಯಾರು ಎಂಬುದೇ ದೊಡ್ಡ ಪ್ರಶ್ನೆಯಾಗಿತ್ತು. ಅಂಥ ಲೆಕ್ಕದಲ್ಲಿ ರಾಣಿ ಎಂದರೆ ಎರಡು ವಂಶಾವಳಿಗಳನ್ನು ಒಂದೇ ತಾರೀಖಿಗೆ ಕಟ್ಟುವ ಗಂಟು, ಅಷ್ಟೇ.

ಗಂಟಿನ ಒಳಗೇನಿದೆ ಎಂದು ನೋಡುವಂತೆ ಮಾಡಿದ್ದು ಸಂಜಾನದ ತಾಮ್ರಪಟ. 871ರಲ್ಲಿ ಮೊದಲನೇ ಅಮೋಘವರ್ಷ ಹೊರಡಿಸಿದ ಈ ಪಟವನ್ನು ಡಿ.ಆರ್. ಭಂಡಾರ್ಕರ್ ಸಂಪಾದಿಸಿದರು. ರಾಷ್ಟ್ರಕೂಟ ರಾಜ್ಯ ಕಟ್ಟಿದ ದಂತಿದುರ್ಗನ ತಂದೆ ಇಂದ್ರರಾಜ, ಖೇಟಕದಲ್ಲಿ ಚಾಲುಕ್ಯ ರಾಜಕುಮಾರಿ ಭವನಾಗೆಯನ್ನು ರಾಕ್ಷಸ ವಿಧಿಯಿಂದ, ಅಂದರೆ ಬಲವಂತವಾಗಿ ಹೊತ್ತೊಯ್ದು ಮದುವೆಯಾದ ಎಂದು ಅದು ಹೇಳುತ್ತದೆ. ಘಟನೆ ನಡೆದು ನೂರು ವರ್ಷ ದಾಟಿದ ಮೇಲೂ ಅರಮನೆ ಅದನ್ನು ಮುಚ್ಚಿಡಲಿಲ್ಲ, ತಾಮ್ರದಲ್ಲಿ ಕೊರೆಸಿತು. ಭವನಾಗೆಯ ಮನಸ್ಸಿನಲ್ಲಿ ಏನಿತ್ತು ಎಂಬುದು ಯಾವ ಪಟದಲ್ಲೂ ಇಲ್ಲ.

ಅ.ಸ. ಅಳತೇಕರರ 1934ರ ರಾಷ್ಟ್ರಕೂಟ ಗ್ರಂಥದಿಂದ ಚದುರಿದ ಈ ಸಂಬಂಧಗಳು ಒಂದು ಬಲೆಯಾಗಿ ಕಾಣತೊಡಗಿದವು. ರಾಷ್ಟ್ರಕೂಟ ದೊರೆ ಧ್ರುವನ ರಾಣಿ ಶೀಲಮಹಾದೇವಿ ವೇಂಗಿ ಚಾಲುಕ್ಯ ವಿಷ್ಣುವರ್ಧನನ ಮಗಳು. 786ರಲ್ಲಿ ತನ್ನದೇ ಹೆಸರಿನಲ್ಲಿ ದಾನಶಾಸನ ಹೊರಡಿಸಿದವಳು. ಮೊದಲನೇ ಅಮೋಘವರ್ಷ ಗಂಗರೊಡನೆ ಕಾದಾಡಿ ದಣಿದ ಮೇಲೆ ಮಗಳು ಚಂದ್ರೊಬ್ಬಲಬ್ಬೆಯನ್ನು ಮೊದಲನೇ ಬೂತುಗನಿಗೆ ಕೊಟ್ಟ. ರಾಷ್ಟ್ರಕೂಟ ಮನೆಯ ಶಂಖಾ ಪಲ್ಲವ ಮೂರನೇ ನಂದಿವರ್ಮನ ಕೈಹಿಡಿದು ಕಂಚಿಗೆ ಹೋದಳು. ಅವಳ ಮಗನ ಹೆಸರು ನೃಪತುಂಗವರ್ಮ. ‘ಕವಿರಾಜಮಾರ್ಗ’ ನೃಪತುಂಗನೆಂದು ಕೊಂಡಾಡುವ ದೊರೆ ಅಮೋಘವರ್ಷನೇ. ಶಂಖಾ ಅವನ ಮಗಳೆಂದು ವಿದ್ವಾಂಸರು ಊಹಿಸಲು ಈ ಹೆಸರೂ ಒಂದು ಕಾರಣ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಮನೆಗಳು ಸೇಡಂ, ಚಿತ್ತಾಪುರದಲ್ಲಿ ಇವತ್ತಿಗೂ ಬೇಕಾದಷ್ಟಿವೆ.

ಈ ಬಲೆಯಲ್ಲಿ ಅತಿ ದಪ್ಪ ದಾರ ಜಬಲಪುರದ ಬಳಿಯ ತ್ರಿಪುರಿಯ ಕಳಚುರಿಗಳದು. ವಾ.ವಿ. ಮಿರಾಶಿ 1955ರಲ್ಲಿ ಕಳಚುರಿ ಶಾಸನಗಳ ಸಂಪುಟ ಹೊರತಂದ ಮೇಲೆ ಅದು ಆ ತುದಿಯಿಂದಲೂ ಕಾಣಿಸಿತು. ರಾಷ್ಟ್ರಕೂಟ ಎರಡನೇ ಕೃಷ್ಣ ಕಳಚುರಿ ದೊರೆ ಕೋಕಲ್ಲನ ಮಗಳನ್ನು ತಂದ. ಅವನ ಮಗ ಜಗತ್ತುಂಗ ಕೋಕಲ್ಲನ ಮಗ ರಣವಿಗ್ರಹನ ಮಗಳು ಲಕ್ಷ್ಮಿಯನ್ನು ಮದುವೆಯಾದ. ಮುಂದೆ ಮೂರನೇ ಇಂದ್ರನಿಗೆ ವಿಜಾಂಬೆ, ಮೂರನೇ ಅಮೋಘವರ್ಷನಿಗೆ ಯುವರಾಜದೇವನ ಮಗಳು ಕುಂದಕದೇವಿ, ಇಬ್ಬರೂ ಅದೇ ಮನೆಯವರು. ಥಾಮಸ್ ಟ್ರಾಟ್‌ಮನ್ 1981ರ ‘ದ್ರವಿಡಿಯನ್ ಕಿನ್‌ಶಿಪ್’ನಲ್ಲಿ ದಖನ್ನಿನ ರಾಜಮನೆತನಗಳ ಇಂಥ ಸಂಬಂಧಗಳನ್ನು ಸೋದರಿಕೆಯ ಕಣ್ಣಿನಿಂದ ಓದಿದರು. ಮಾನವಶಾಸ್ತ್ರಕ್ಕೆ ಅದು ಹೊಸ ದಾರಿ. ಸೋದರಮಾವನ ಮಗಳ ಮೇಲೆ ಹಕ್ಕು ಹೇಳುವ ಕಲಬುರಗಿ ಸೀಮೆಯ ಹಳ್ಳಿಯವರಿಗೆ ಅದರಲ್ಲಿ ಅಚ್ಚರಿಪಡುವಂಥದ್ದು ಕಡಿಮೆ.

ಬೀಗತನ ಯುದ್ಧವನ್ನು ತಡೆಯುತ್ತದೆಯೇ? ಚಿತ್ತಾಪುರ ಸೀಮೆಯ ಸನ್ನತಿ, ಕನಗನಹಳ್ಳಿಗಳಲ್ಲಿ ಶಿಲ್ಪ ಕಡೆಸಿಕೊಂಡ ಶಾತವಾಹನರ ಕಾಲದಲ್ಲೇ ಈ ಪ್ರಶ್ನೆ ಎದ್ದಿತ್ತು. ಶಾತವಾಹನ ವಾಸಿಷ್ಠೀಪುತ್ರ ಸಾತಕರ್ಣಿಯ ರಾಣಿ ಕಾರ್ದಮಕ ಕ್ಷತ್ರಪರ ಮಗಳೆಂದು ಕಾನ್ಹೇರಿಯ ಬರಹ ತಿಳಿಸುತ್ತದೆ. ದಕ್ಷಿಣಾಪಥದ ಸಾತಕರ್ಣಿಯನ್ನು ಎರಡು ಸಲ ಸೋಲಿಸಿಯೂ ಹತ್ತಿರದ ಸಂಬಂಧವೆಂದು ನಾಶಮಾಡದೆ ಬಿಟ್ಟೆ ಎಂದು ಕ್ಷತ್ರಪ ರುದ್ರದಾಮನ ಜುನಾಗಢ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಮೂರನೇ ಕೃಷ್ಣನ ದನಿ ಬೇರೆ. 959ರ ಕರ್ಹಾಡ ತಾಮ್ರಪಟ ಅವನನ್ನು ಹೊಗಳುವುದು, ತಾಯಿಗೂ ಹೆಂಡತಿಗೂ ಹಿರಿಯ ಬಂಧುವಾದ ಕಳಚುರಿ ಸಹಸ್ರಾರ್ಜುನನನ್ನೇ ಗೆದ್ದವನೆಂದು. ರುದ್ರದಾಮನ ಸಂಬಂಧ ಉಳಿಸಿದ್ದಕ್ಕೆ ಬೀಗಿದರೆ, ಕೃಷ್ಣ ಮೀರಿದ್ದಕ್ಕೆ ಬೀಗಿದ.

ಹಾಗೆ ಮೀರಿದ್ದಕ್ಕೆ ತೆತ್ತ ಬೆಲೆ ಏನು ಎಂಬುದು ಈ ಕ್ಷೇತ್ರದ ಅತಿ ಸ್ವಾರಸ್ಯದ ಚರ್ಚೆ. ನಾಲ್ಕು ತಲೆಮಾರು ಮಳಖೇಡಕ್ಕೆ ಹೆಣ್ಣು ಕೊಟ್ಟ ತ್ರಿಪುರಿಯ ಮನೆ, ಲಕ್ಷ್ಮಣರಾಜನ ಮಗಳು ಬೊಂತಾದೇವಿಯನ್ನು ಚಾಲುಕ್ಯ ಮನೆಗೆ ಕೊಟ್ಟಿತು. ಅವಳ ಮಗನೇ ಎರಡನೇ ತೈಲಪ. 972ರಲ್ಲಿ ಪರಮಾರ ಸೀಯಕ ನರ್ಮದೆ ದಾಟಿ ಬಂದು ಮಾನ್ಯಖೇಟವನ್ನು ಸೂರೆ ಹೊಡೆದ. ಮರುವರ್ಷ ತೈಲಪ ಸಿಂಹಾಸನ ಹಿಡಿದ. ಅವನ ಹೆಂಡತಿ ಜಾಕಬ್ಬೆಯೂ ರಾಷ್ಟ್ರಕೂಟ ಕುಲದವಳೇ! ತ್ರಿಪುರಿಯನ್ನು ಕೃಷ್ಣ ಮುನಿಸಿಕೊಳ್ಳುವಂತೆ ಮಾಡದಿದ್ದರೆ ಸೀಯಕನ ದಂಡು ಬೆನ್ನಿಗೆ ಹೆದರದೆ ಕಾಗಿಣಾ ದಂಡೆಯವರೆಗೆ ಬರುತ್ತಿತ್ತೇ? ಸೋಲಿಗೆ ಕಾರಣ ಇದೊಂದೇ ಅಲ್ಲ. ಅಳಿಯಂದಿರಿಗೆ ನಾಡುಗಳನ್ನು ಹಂಚಿ ಬೊಕ್ಕಸವನ್ನೂ ಬರಿದು ಮಾಡಿಕೊಂಡಿದ್ದರು. ಆದರೂ ಉತ್ತರದ ಬಾಗಿಲು ಕಾಯಲು ಬೀಗರಿಗಿಂತ ಒಳ್ಳೆಯ ಕಾವಲು ಮಳಖೇಡಕ್ಕೆ ಇರಲಿಲ್ಲ. ಕಷ್ಟಕ್ಕೆ ಒದಗಿದವನು ಗಂಗ ಮಾರಸಿಂಹ. ತನ್ನ ಸೋದರಿಯ ಮಗ, ಮೂರನೇ ಕೃಷ್ಣನ ಮೊಮ್ಮಗ ನಾಲ್ಕನೇ ಇಂದ್ರನಿಗೆ ಪಟ್ಟ ಕಟ್ಟಿಸಲು ಹೆಣಗಿ ಸೋತ. ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ದೇಹಬಿಟ್ಟ.

ಹೀಗಾಗಿದ್ದರೆ ಎಂಬ ಪ್ರಶ್ನೆ ಯುರೋಪಿನಲ್ಲೂ ಏಳುತ್ತದೆ. ಡೆನ್ಮಾರ್ಕಿನ ದೊರೆ ಕ್ನೂಟ್ 1086ರಲ್ಲಿ ಕೊಲೆಯಾದ ಮೇಲೆ ಅವನ ವಿಧವೆ ಅಡೇಲಾ 1092ರಲ್ಲಿ ದಕ್ಷಿಣ ಇಟಲಿಯ ಅಪುಲಿಯಾದ ಡ್ಯೂಕ್ ರೋಜರ್‌ನನ್ನು ಮದುವೆಯಾದಳು. ಅವಳ ಡೇನ್ ಮಗ ಚಾರ್ಲ್ಸ್ ಫ್ಲಾಂಡರ್ಸ್‌ನ ಒಡೆಯನಾದ, ಇಟಲಿಯ ಮಗ ವಿಲಿಯಂ ಅಪುಲಿಯಾದ ಡ್ಯೂಕ್ ಆದ. 1127ರಲ್ಲಿ ಚಾರ್ಲ್ಸ್ ಮಾರ್ಚ್‌ನಲ್ಲಿ ಕೊಲೆಯಾದರೆ, ವಿಲಿಯಂ ಜುಲೈನಲ್ಲಿ ಮಕ್ಕಳಿಲ್ಲದೆ ಸತ್ತ. ಅಪುಲಿಯಾ ಸಿಸಿಲಿಯ ಪಾಲಾಯಿತು. ಇಬ್ಬರೂ ಉಳಿದಿದ್ದರೆ ಒಂದೇ ತಾಯಿಯ ಸಂಬಂಧ ಎರಡು ನಾಡುಗಳನ್ನು ಕಟ್ಟುತ್ತಿತ್ತೇ? ನಮ್ಮಲ್ಲಿ ತಾಯಿಯ ಸಂಬಂಧ ಹೀಗೆ ಎರಡು ಮನೆತನಗಳನ್ನು ಕೂಡಿಸಿದ್ದೂ ಉಂಟು. ಚೋಳರ ಮಗಳ ಮಗ, ವೇಂಗಿ ಚಾಲುಕ್ಯರ ಕುಲೋತ್ತುಂಗ 1070ರಲ್ಲಿ ಚೋಳ ಸಿಂಹಾಸನವನ್ನೇ ಏರಿದ.

ಮಳಖೇಡದ ಸುತ್ತಲಿನ ಕಲ್ಲುಗಳಿಗೆ ಓದುಗರು ಸಿಕ್ಕಿದ್ದು ತಡವಾಗಿ. 1914ರಲ್ಲಿ ನಿಜಾಮರ ಪುರಾತತ್ವ ಇಲಾಖೆ ಗುಲಾಮ್ ಯಜ್ದಾನಿಯವರ ಕೈಕೆಳಗೆ ಶುರುವಾದ ಮೇಲೆ ಚಿತ್ತಾಪುರದ ನಾಗಾವಿಯ ಶಾಸನಗಳು ಅಚ್ಚಾದವು. ಅಲ್ಲಿನ ಘಟಿಕಾಸ್ಥಾನದ, ಅಂದರೆ ವಿದ್ಯಾಪೀಠದ, 1058ರ ಶಾಸನ ಪುಸ್ತಕ ಭಂಡಾರ ನೋಡಿಕೊಳ್ಳುವವರನ್ನೂ ಹೆಸರಿಸುತ್ತದೆ. ಪಿ.ಬಿ. ದೇಸಾಯಿಯವರ ಹೈದರಾಬಾದ್ ಕನ್ನಡ ಜಿಲ್ಲೆಗಳ ಶಾಸನ ಸಂಪುಟ 1958ರದು. ಇವುಗಳಲ್ಲಿ ಮದುವೆಯ ಸುದ್ದಿಗಿಂತ ದತ್ತಿಯ ಸುದ್ದಿಯೇ ಹೆಚ್ಚು.

ಕಲ್ಲು ಸುಮ್ಮನಿದ್ದು ಪುಸ್ತಕ ಮಾತ್ರ ಮಾತಾಡುವ ಮದುವೆ ಕಲಬುರಗಿಯ ಬಹಮನಿ ಸುಲ್ತಾನ ಫಿರೋಜ್ ಷಾನದು. ವಿಜಯನಗರದ ದೇವರಾಯ ಸೋತು, ಮಗಳನ್ನೂ ಬಳುವಳಿಯಾಗಿ ಬಂಕಾಪುರವನ್ನೂ ಕೊಟ್ಟನೆಂದು, ಬೀಳ್ಕೊಡುವಾಗ ಮಾವ ಅರ್ಧ ದಾರಿಯಿಂದಲೇ ಹಿಂದಿರುಗಿದ್ದಕ್ಕೆ ಅಳಿಯ ಮುನಿದನೆಂದು ಇತಿಹಾಸಕಾರ ಫಿರಿಸ್ತಾ ಬರೆಯುತ್ತಾನೆ. ಅವನು ಬಿಜಾಪುರದಲ್ಲಿ ಕೂತು ಇದನ್ನು ಬರೆದದ್ದು ಎರಡು ಶತಮಾನದ ನಂತರ. ರಾಬರ್ಟ್ ಸಿವೆಲ್ 1900ರಲ್ಲಿ ಈ ಕಥೆಯನ್ನು ಇಂಗ್ಲಿಷ್ ಓದುಗರ ಮುಂದಿಟ್ಟರು. ಆಮೇಲಿನವರು ವಿಜಯನಗರದ ಶಾಸನಗಳ ಮೌನವನ್ನು ಎತ್ತಿ ತೋರಿಸಿದರು. ಮದುವೆ ನಡೆದಿದ್ದರೂ ಅದು ಶಾಂತಿ ತರಲಿಲ್ಲ. ಪಾನಗಲ್ಲಿನ ಕೋಟೆಗೆ ಎರಡು ವರ್ಷ ಮುತ್ತಿಗೆ ಹಾಕಿದ ಫಿರೋಜ್ ವಿಜಯನಗರದ ಸೇನೆಯ ಎದುರು ಸೋತ; 1422ರಲ್ಲಿ ತಮ್ಮ ಅಹ್ಮದನಿಗೆ ಗದ್ದುಗೆ ಬಿಟ್ಟುಕೊಟ್ಟ.