ಬೆಕ್ಕಿನ ಹೊಟ್ಟೆಯೊಳಗಿನ ಮರುದನಿ

ಬಾವಿಗೆ ಇಣುಕಿ ಕೂಗಿದರ ನಮ್ಮ ದನಿ ನಮಗೇ ತಿರುಗಿ ಬರತೈತಿ. ವಿಜಯಪುರದ ಗೋಲಗುಮ್ಮಟ ನೋಡಿದವರಿಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಮರುದನಿಯಿಂದಲೇ ಇವತ್ತು ಬೆಕ್ಕಿನ ಮೂತ್ರಕೋಶದಾಗ ಕಲ್ಲು ಐತೋ ಇಲ್ಲೋ ಅಂತ ನೋಡತಾರ. ಸ್ಕ್ಯಾನಿಂಗ್ ಅಂತ ನಾವು ಕರೆಯೋದು ಇದನ್ನೇ.

1880ರಲ್ಲಿ ಫ್ರಾನ್ಸಿನ ಕ್ಯೂರಿ ಅಣ್ಣತಮ್ಮಂದಿರು ಒಂದು ಸಂಗತಿ ಕಂಡುಹಿಡಿದರು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ. ಅದೇ ಹರಳಿಗೆ ವಿದ್ಯುತ್ ಕೊಟ್ಟರೆ ಅದು ನಡುಗಿ ದನಿ ಹೊರಡಿಸುತ್ತದೆ. ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಸಲ ನಡುಗಿದರೆ ಆ ದನಿ ನಮ್ಮ ಕಿವಿಗೆ ಕೇಳಂಗಿಲ್ಲ. ಮೊದಲನೇ ಮಹಾಯುದ್ಧದ ಕಾಲಕ್ಕೆ ಪಾಲ್ ಲ್ಯಾಂಜೆವಿನ್ ಎಂಬ ವಿಜ್ಞಾನಿ ಈ ದನಿಯನ್ನು ನೀರೊಳಗೆ ಬಿಟ್ಟು, ಶತ್ರುಗಳ ಜಲಾಂತರ್ಗಾಮಿ ಹುಡುಕುವ ಸಾಧನ ಮಾಡಿದ. ಮುಂದೆ ಕಾರಖಾನೆಗಳಲ್ಲಿ ಕಬ್ಬಿಣದ ಒಳಬಿರುಕು ನೋಡಲಿಕ್ಕೂ ಇದೇ ದನಿ ಬಳಕೆಗೆ ಬಂತು. ಗ್ಲಾಸ್ಗೋ ಊರಿನ ಹೆರಿಗೆ ಡಾಕ್ಟರು ಇಯಾನ್ ಡೊನಾಲ್ಡ್ ಅಂಥ ಯಂತ್ರದಿಂದಲೇ ಮನುಷ್ಯರ ಹೊಟ್ಟೆಯ ಗಡ್ಡೆ ನೋಡಿ, 1958ರಲ್ಲಿ ತಮ್ಮ ಜೊತೆಗಾರರೊಂದಿಗೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. 1966ರಲ್ಲಿ ಕುರಿ ಗಬ್ಬ ಐತೋ ಇಲ್ಲೋ ಎಂದು ಈ ದನಿಯಿಂದ ತಿಳಿದ ವರದಿ ಬಂತು. 1980ರ ದಶಕದಲ್ಲಿ ನಾಯಿ, ಬೆಕ್ಕುಗಳ ಆಸ್ಪತ್ರೆಗಳಲ್ಲೂ ಇದರ ಬಳಕೆ ಹರಡಿತು.

ಮೂತ್ರಕೋಶ ನೋಡಲಿಕ್ಕೆ ಇದು ಚಲೋ ಒಗ್ಗಿತು. ಬರೀ ನೀರಿನಿಂದ ಮರುದನಿ ಬರಂಗಿಲ್ಲ. ಹಿಂಗಾಗಿ ತುಂಬಿದ ಮೂತ್ರಕೋಶ ಪರದೆ ಮೇಲೆ ಕಪ್ಪು ಹೊಂಡದಂಗ ಕಾಣತೈತಿ. ಅದರೊಳಗೆ ಕಲ್ಲಿದ್ದರೆ ಬೆಳ್ಳಗೆ ಹೊಳೆಯುತ್ತದೆ, ಹಿಂದೆ ಕರೀ ನೆರಳು ಬೀಳುತ್ತದೆ. ಎಕ್ಸ್‌ರೇಗೆ ಸಿಗದ ಕೆಲವು ಕಲ್ಲುಗಳೂ ಇದರಲ್ಲಿ ಸಿಗುತ್ತವೆ. ಮೂತ್ರಕೋಶದ ಗೋಡೆ ದಪ್ಪಾಗಿದ್ದರೆ, ಮೂತ್ರಪಿಂಡ ಊದಿದ್ದರೆ ಅದೂ ತಿಳಿಯುತ್ತದೆ. ನಡುವೆ ಗಾಳಿ ಇದ್ದರೆ ದನಿ ಒಳಗೆ ಹೋಗಂಗಿಲ್ಲ, ಅದಕ್ಕಂತ ಹೊಟ್ಟೆಯ ಕೂದಲು ತೆಗೆದು ಜೆಲ್ ಹಚ್ಚತಾರ. ಕೊಯ್ಯುವುದು ಏನೂ ಇಲ್ಲ. ಆದರೆ ಟೊಂಕದ ಎಲುಬಿನ ಮರೆಯಲ್ಲಿರುವ ಮೂತ್ರನಾಳ ಇದಕ್ಕೆ ಸರಿಯಾಗಿ ಕಾಣುವುದಿಲ್ಲ, ಅಲ್ಲಿಗೆ ಎಕ್ಸ್‌ರೇ ಬೇಕು. ಎಷ್ಟೋ ಬೆಕ್ಕುಗಳಿಗೆ ಕಲ್ಲೇ ಇಲ್ಲದೆ ಬರೇ ಉರಿಮೂತ್ರ ಇರುವುದೂ ಉಂಟು.

ಇದನ್ನೆಲ್ಲ ನಮ್ಮ ಊರವರಿಗೆ ಯಾಕ ಹೇಳಬೇಕು? ನಮ್ಮ ಜೋಳ ಕಾಯೋದು ಬೆಕ್ಕು. ಅದರಲ್ಲೂ ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು. ಅದು ಕಟ್ಟಿಕೊಂಡರೆ ಹೊರಗೆ ಹೋಗಬೇಕಾದ ವಿಷ ರಕ್ತದಾಗ ಏರಿ, ಎರಡು ಮೂರು ದಿನದಲ್ಲಿ ಜೀವ ಹೋಗಬಹುದು. ಬೆಕ್ಕು ಮತ್ತೆ ಮತ್ತೆ ಮಣ್ಣು ಕೆದರಿ ಕೂತು ತಿಣುಕಿದರೆ, ಮಲ ಕಟ್ಟಿರಬೇಕು ಅಂತ ನಾವು ಸುಮ್ಮನಾಗತೇವಿ. ಹನಿ ಮೂತ್ರವೂ ಬರದಿದ್ದರೆ ಅವತ್ತೇ ದನದ ದವಾಖಾನೆಗೆ ಒಯ್ಯಬೇಕು. ಅಲ್ಲಿ ಸ್ಕ್ಯಾನಿಂಗ್ ಯಂತ್ರ ಇರಲಿಕ್ಕಿಲ್ಲ ಅಂತ ಮನೆಯಲ್ಲಿ ಕೂಡಬಾರದು. ತುಂಬಿ ಬಿಗಿದ ಮೂತ್ರಕೋಶ ಗಟ್ಟಿ ಚೆಂಡಿನಂಗ ಡಾಕ್ಟರ ಕೈಗೇ ಸಿಗತೈತಿ. ಮನೆಯಲ್ಲಿ ನಾವು ಅದನ್ನು ಒತ್ತಬಾರದು, ಒಡೆದೀತು. ಮೊದಲು ಕೊಳವೆ ಹಾಕಿ ಮೂತ್ರ ಬಿಡಿಸಲಿ. ಕಲ್ಲು ಯಾವುದು, ಎಲ್ಲಿದೆ ಅನ್ನೋದನ್ನ ಆಮೇಲೆ ಪ್ಯಾಟಿಗೆ ಒಯ್ದು ನೋಡಿಸಿದರೂ ನಡೆಯುತ್ತದೆ.