ಪೊರೆ ಮತ್ತು ಮೇವು: ಹೇಮಾವತಿ ಸೀಮೆಯ ಹಿನ್ನೆಲೆಯಲ್ಲಿ ಮರಿ ಟರಂಟುಲಾಗಳ ಆಹಾರಕ್ರಮ

ಸಾಕಿದ ಮರಿ ಟರಂಟುಲಾಕ್ಕೆ ಎಷ್ಟು ದಿನಕ್ಕೊಮ್ಮೆ ತಿನ್ನಿಸಬೇಕೆಂದು ಕೇಳಿದರೆ, ಸಾಕುವವರು ವಾರಕ್ಕೊಂದು ಸಲ, ಎರಡು ಸಲ ಎಂದು ಲೆಕ್ಕ ಹೇಳುತ್ತಾರೆ. ಈ ಲೆಕ್ಕ ಪೊರೆ ಕಳಚುವ ಚಕ್ರದಿಂದ ಶುರುವಾಗಬೇಕು ಎಂಬುದು ಇಲ್ಲಿನ ವಾದ.

ಮೊಟ್ಟೆಯಿಂದ ಹೊರಬಿದ್ದ ಮರಿ ಮೊದಲು ಬದುಕುವುದು ಹೊಟ್ಟೆಯಲ್ಲಿ ಉಳಿದ ಭಂಡಾರದ ಮೇಲೆ. ಕೆಲವು ಪೊರೆಗಳ ನಂತರವೇ ಅದು ಬೇಟೆಗಿಳಿಯುತ್ತದೆ. ಜೇಡ ಅಗಿದು ನುಂಗುವ ಪ್ರಾಣಿಯಲ್ಲ. ಜೀರ್ಣರಸ ಹರಿಸಿ, ಕರಗಿದ್ದನ್ನು ಹೀರುತ್ತದೆ. ಆದ್ದರಿಂದಲೇ ಕೊಂದ ಚಿಮ್ಮಂಡೆಯ ಒಂದು ಕಾಲನ್ನು ಇಟ್ಟರೂ ಎಳೆಯ ಮರಿಗೆ ಸಾಕು. ಜೀವಂತ ಬೇಟೆಯಾದರೆ ಅದು ಮರಿಯ ಉದರಕ್ಕಿಂತ ದೊಡ್ಡದಿರಬಾರದು, ಹಣ್ಣುನೊಣ ಸೂಕ್ತ.

ಪೊರೆ ಹತ್ತಿರವಾದಂತೆ ಉದರ ಬಿಗಿದು ಕಪ್ಪಿಡುತ್ತದೆ. ಮರಿ ಬಿಲದ ಬಾಯಿಗೆ ಬಲೆ ಹೆಣೆದು ಒಳಗುಳಿಯುತ್ತದೆ. ಈ ಉಪವಾಸವನ್ನು ರೋಗವೆಂದು ತಿಳಿದು ಒಂದರ ಮೇಲೊಂದು ಹುಳು ಬಿಡುವುದೇ ಅತ್ಯಂತ ಅಪಾಯದ ತಪ್ಪು. ಹೊಸ ಚರ್ಮ ಮೆದುವಾಗಿರುವಾಗ ಪಂಜರದಲ್ಲಿ ಉಳಿದ ಚಿಮ್ಮಂಡೆ ಮರಿಯನ್ನೇ ಕಡಿದು ಕೊಲ್ಲಬಲ್ಲದು. ಪೊರೆ ಬಿಟ್ಟ ಕೂಡಲೇ ವಿಷದ ಹಲ್ಲು ಬೆಳ್ಳಗಿರುತ್ತದೆ. ಅದು ಕಪ್ಪಾಗಿ ಗಟ್ಟಿಯಾಗುವವರೆಗೆ ಕಾಯಬೇಕು. ನೀರು ಮಾತ್ರ ತಪ್ಪಬಾರದು.

ಹೇಮಾವತಿ ಸೀಮೆಯ ಚನ್ನರಾಯಪಟ್ಟಣದ ಕಡೆ ರೇಷ್ಮೆ ಹುಳು ಸಾಕುವವರಿಗೆ ಈ ಶಿಸ್ತು ಹೊಸದಲ್ಲ. ಜ್ವರವೆಂದು ಕರೆಯುವ ನಾಲ್ಕು ಪೊರೆಗಳಲ್ಲೂ ಸೊಪ್ಪು ನಿಲ್ಲಿಸಿ, ತಟ್ಟೆಗೆ ಸುಣ್ಣ ಉದುರಿಸಿ, ಹೆಚ್ಚುಕಡಿಮೆ ಎಲ್ಲ ಹುಳುಗಳೂ ಎದ್ದ ಮೇಲೆಯೇ ಮತ್ತೆ ಸೊಪ್ಪು ಕೊಡುತ್ತಾರೆ. ಒಂದು ಸೊಪ್ಪು ತಿನ್ನುವುದು, ಇನ್ನೊಂದು ಬೇಟೆಯಾಡುವುದು. ಆದರೂ ಪೊರೆಯ ದೇಹಧರ್ಮ ಎರಡಕ್ಕೂ ಒಂದೇ. ಎಳೆಯ ರೇಷ್ಮೆ ಹುಳು ಸಾಕುವ ಚಾಕಿ ಮನೆಯ ಈ ಅನುಭವವನ್ನು ಜೇಡಶಾಸ್ತ್ರ ಗಂಭೀರವಾಗಿ ಓದಬೇಕಿದೆ.

ಸ್ಥಳದ ಹವೆಯೂ ಲೆಕ್ಕಕ್ಕೆ ಬರಬೇಕು. ಗೊರೂರಿನ ಹೇಮಾವತಿ ಜಲಾಶಯ ತುಂಬಿದಾಗಿನ ಮಟ್ಟವೇ 2,922 ಅಡಿ. ಇಷ್ಟು ಎತ್ತರದಲ್ಲಿ ಮಾಗಿಯ ರಾತ್ರಿಗಳು ತಂಪು. ಶೀತಲ ದೇಹದ ಜೇಡದಲ್ಲಿ ಆಗ ಜೀರ್ಣಕ್ರಿಯೆ ನಿಧಾನವಾಗುತ್ತದೆ, ಪೊರೆಗಳ ನಡುವಿನ ಅಂತರ ಹಿಗ್ಗುತ್ತದೆ. ಬೇಸಿಗೆಯಲ್ಲಿ ಹಾಕಿದಷ್ಟನ್ನೇ ಮಾಗಿಯಲ್ಲೂ ಹಾಕಿದರೆ ಉಳಿದ ಬೇಟೆ ಕೊಳೆತು ಬೂಷ್ಟು ಹಿಡಿಯುತ್ತದೆ.

ಮೇವಿನ ಮೂಲ ಇನ್ನೂ ಸೂಕ್ಷ್ಮ ವಿಷಯ. ಹಾಸನದ ಆಲೂಗಡ್ಡೆ ಹೊಲ, ಅರಕಲಗೂಡಿನ ಹೊಗೆಸೊಪ್ಪಿನ ತೋಟಗಳಿಗೆ ಕೀಟನಾಶಕ ಬೀಳುತ್ತದೆ. ಅಲ್ಲಿ ಹಿಡಿದ ಮಿಡತೆ ಹೊಟ್ಟೆಯೊಳಗೆ ವಿಷವನ್ನೂ ತರಬಲ್ಲದು. ಮನೆಯಲ್ಲೇ ಸಾಕಿದ ಹುಳುಗಳನ್ನಷ್ಟೇ ಕೊಡುವುದು ಕ್ಷೇಮ.

ಮರಿಗಳು ಎಲ್ಲಿಂದ ಬಂದವೆಂಬುದೂ ಇದೇ ಎಚ್ಚರಿಕೆಯಿಂದ ನೋಡಬೇಕಾದದ್ದು. ಪ್ರಾಣಿಶಾಸ್ತ್ರಜ್ಞ ಪೋಕಾಕ್ 1895ರಲ್ಲಿ ಹೆಸರಿಟ್ಟ ಪೊಯಿಸಿಲೋಥೀರಿಯ ಸ್ಟ್ರಯಾಟ ಇಂಗ್ಲಿಷ್ ರೂಢಿಹೆಸರಿನಲ್ಲಿ ಮೈಸೂರಿನ ಹೆಸರನ್ನೇ ಹೊತ್ತ ಮರವಾಸಿ ಟರಂಟುಲಾ. ತಾಯಿಯ ಪೊಟರೆಯಲ್ಲೇ ಮರಿಗಳು ಕೆಲಕಾಲ ಕೂಡಿ ಬಾಳುವುದು ಈ ಕುಲದಲ್ಲಿ ಕಂಡುಬಂದಿದೆ. 2019ರಲ್ಲಿ ಇಡೀ ಕುಲ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ (ಸೈಟ್ಸ್) ಎರಡನೆಯ ಅನುಬಂಧಕ್ಕೆ ಸೇರಿತು. ಪೊಟರೆ ಒಡೆದು ಮರಿಗಳನ್ನು ತಂದರೆ, ಎಷ್ಟೇ ಜಾಣತನದಿಂದ ತಿನ್ನಿಸಿದರೂ ಕಾಡಿಗೆ ಆದ ನಷ್ಟ ತುಂಬುವುದಿಲ್ಲ. ಹೆಣ್ಣು ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದ್ದರಿಂದ, ಒಂದು ತಾಯಿಯನ್ನು ಕಿತ್ತರೆ ಅವಳಿಂದ ಮುಂದೆ ಬರಬೇಕಿದ್ದ ಸಂತತಿಯೂ ಹೋಗುತ್ತದೆ.